ಗಂಟೆಗೆ ಒಂದು ಡಿಗ್ರಿ

ತಣ್ಣನೆ ಮನೆ, ಮೂರನೇ ಬಾವಿ, ಹಳೆಯ ಚಿನ್ನದ ಗಣಿ.
ಹಡಗು ಇಳಿದ ಹನ್ನೊಂದನೇ ವರ್ಷ, ಆರನೇ ತಿಂಗಳು, ಮೂವತ್ತೆರಡನೇ ತಾರೀಖು, ಬುಧವಾರ.

ಪಾರಿಜಾತಮ್ಮನವರಿಗೆ ಸಾಕಮ್ಮ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ವರ್ಷಕ್ಕೆ ಹತ್ತೇ ತಿಂಗಳು, ತಿಂಗಳಿಗೆ ಮೂವತ್ತಾರು ದಿನ. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರದೆ ಬೇಸಿಗೆಯಲ್ಲಿ ಸುಮ್ಮನೆ ಕಳೆದುಹೋಗುತ್ತವೆ. ನಿಮ್ಮ ಲೆಕ್ಕಕ್ಕೆ ತಂದರೆ ನಾನು ನಿಮಗಿಂತ ನೂರ ಎಪ್ಪತ್ತು ವರ್ಷ ಈಚೆ ಕೂತು ಬರೆಯುತ್ತಿದ್ದೇನೆ. ನನ್ನ ಕನ್ನಡ ನಿಮಗೆ ಒರಟಾಗಿ ಕೇಳಬಹುದು, ಕ್ಷಮಿಸಿ. ನಿಮ್ಮ ಕಾಲದ ಬರಹದ ಭಾಷೆಯನ್ನು ನಾನು ಕಲಿತದ್ದು ಶಾಲೆಯಲ್ಲಿ, ಅದೂ ಮೇಷ್ಟರು ಬೈದದ್ದರಿಂದ. ಮನೆಯಲ್ಲಿ ನಾವು ಹೀಗೆ ಮಾತಾಡುವುದಿಲ್ಲ. ಕೆಲವು ಮಾತುಗಳು ನಿಮ್ಮ ನಂತರ ಹುಟ್ಟಿದವು, ಅವುಗಳ ಅರ್ಥವನ್ನು ಅಲ್ಲಲ್ಲೇ ಹೇಳುತ್ತಾ ಹೋಗುತ್ತೇನೆ.

ನೀವು ಮಾಡಿದ ಹರಳು ಹೋದ ತಿಂಗಳ ಒಂಬತ್ತನೇ ತಾರೀಖು ತೀರಿಕೊಂಡಿತು. ಆ ಸುದ್ದಿ ತಿಳಿಸಲಿಕ್ಕೇ ಈ ಕಾಗದ. ಮಗಳು ಹೋದರೆ ತವರಿಗೆ ಸುದ್ದಿ ಮುಟ್ಟಿಸಬೇಕಲ್ಲವೇ, ಹಾಗೆ ನಮ್ಮ ಮನೆಯಲ್ಲಿ ಒಂದು ಹರಳು ಸತ್ತರೆ ಅದನ್ನು ನೋಡಿಕೊಂಡವರು ಅದನ್ನು ಮಾಡಿದವರಿಗೆ ಕಾಗದ ಬರೆಯಬೇಕು. ಮಾಡಿದವರು ಯಾವ ಕಾಲದಲ್ಲಿ ಮಣ್ಣಾಗಿದ್ದರೂ ಸರಿ. ಬರೆದದ್ದನ್ನು ಮಾರನೇ ದಿನ ಗಣಿಗೆ ಇಳಿಯುವ ಬಾವಿಯ ಬಾಯಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದಿ, ಸತ್ತ ಹರಳಿನ ಜೊತೆ ಅದರ ಪೆಟ್ಟಿಗೆಯಲ್ಲೇ ಇಡುತ್ತೇವೆ. ಹದಿನೈದು ಹರಳುಗಳಿಗೆ ಹದಿನೈದು ಕಾಗದಗಳಾಗಿವೆ. ಇದು ಹದಿನಾರನೆಯದು. ಇನ್ನು ಬರೆಯುವುದಕ್ಕೆ ಹರಳುಗಳಿಲ್ಲ.

ಹರಳೆಂದರೆ ಏನೆಂದು ನಿಮಗೆ ನಾನು ಹೇಳಹೊರಟರೆ ಅಧಿಕಪ್ರಸಂಗವಾಗುತ್ತದೆ. ಆದರೆ ನಾಳೆ ಕೇಳಲು ಕೂರುವವರಲ್ಲಿ ಮಕ್ಕಳೂ ಇರುತ್ತಾರೆ, ಅವರ ಸಲುವಾಗಿ ನಾಲ್ಕು ಮಾತು. ನೆಲದಿಂದ ಒಂಬೈನೂರು ಮೀಟರ್ ಕೆಳಗೆ, ಒಂದು ಕಾಲಕ್ಕೆ ಚಿನ್ನ ತೆಗೆದ ಗುಂಡಿಯಲ್ಲಿ, ನಮ್ಮ ತಣ್ಣನೆ ಯಂತ್ರ ಇದೆ. ಅಷ್ಟು ಚಳಿ ಭೂಮಿಯ ಮೇಲೆ ತಾನಾಗಿ ಎಲ್ಲೂ ಇಲ್ಲ. ಆ ಚಳಿಯಲ್ಲಿ ಮಾತ್ರ ಅದು ಯೋಚಿಸುತ್ತದೆ. ಅದರ ಉತ್ತರವನ್ನು ತಾಮ್ರದ ತಂತಿಯಲ್ಲಿ ಹೊರಗೆ ತರಬಹುದು, ಆದರೆ ತಂತಿ ಉತ್ತರ ತರುವ ದಾರಿಯಲ್ಲೇ ನಮ್ಮ ಬಿಸಿಯನ್ನು ಒಳಗೆ ಒಯ್ದುಬಿಡುತ್ತದೆ, ಯಂತ್ರ ಕೆಡುತ್ತದೆ. ಆದ್ದರಿಂದ ಒಂದು ಗಾಜಿನ ಎಳೆಯಲ್ಲಿ ಬೆಳಕು ಬಿಟ್ಟು, ಆ ಬೆಳಕಿನ ದಾರಿಯಲ್ಲಿ ಒಂದು ಹರಳನ್ನು ಇಟ್ಟಿರುತ್ತಾರೆ. ಯಂತ್ರ ಒಂದಿಷ್ಟು ವಿದ್ಯುತ್ತನ್ನು ಹರಳಿನ ಮೇಲೆ ಒತ್ತಿದರೆ ಬೆಳಕು ಮಂಕಾಗುತ್ತದೆ, ಬಿಟ್ಟರೆ ಬೆಳಗುತ್ತದೆ. ಆ ಮಿಣುಕನ್ನು ನಾವು ಮೇಲೆ ಕೂತು ಓದಿಕೊಳ್ಳುತ್ತೇವೆ. ನಿಮ್ಮವರು ಇದನ್ನು ಮಾಡ್ಯುಲೇಟರ್ ಎನ್ನುತ್ತಿದ್ದರಂತೆ. ನಾವು ಕದಹರಳು ಎನ್ನುತ್ತೇವೆ, ಬೆಳಕಿಗೆ ಅದು ಕದವಾದ್ದರಿಂದ.

ಕದ ಪೂರ್ತಿ ತೆರೆದಿದ್ದರೂ ಕೆಲಸಕ್ಕೆ ಬಾರದು, ಪೂರ್ತಿ ಮುಚ್ಚಿದ್ದರೂ ಬಾರದು. ಅರ್ಧ ತೆರೆದಿರಬೇಕು. ಆಗ ಮಾತ್ರ ಯಂತ್ರ ಸ್ವಲ್ಪ ಅಲುಗಿಸಿದರೂ ನಮಗೆ ಕಾಣುತ್ತದೆ. ಆ ಅರ್ಧವನ್ನು ನಾವು ಹದ ಎನ್ನುತ್ತೇವೆ. ಚಳಿಗೆ ಹರಳಿನ ಮೈ ಬಿಗಿಯುತ್ತದೆ, ಹಟ ಮಾಡುತ್ತದೆ. ನಿನ್ನೆ ಇದ್ದ ಹದ ಇವತ್ತು ಕೂದಲೆಳೆಯಷ್ಟು ಜರುಗಿರುತ್ತದೆ. ದಿನಕ್ಕೊಮ್ಮೆ ಒಬ್ಬರು ಒಳಗೆ ಹೋಗಿ, ಯಂತ್ರವನ್ನು ಸುತ್ತಿಕೊಂಡಿರುವ ಒಬ್ಬ ಮನುಷ್ಯನ ಅಗಲದ ಓಣಿಯಲ್ಲಿ ನಿಂತು, ತಿರುಗಣೆಯನ್ನು ಬೆರಳ ತುದಿಯಲ್ಲಿ ತಿರುವಿ ಅದನ್ನು ಅರ್ಧಕ್ಕೆ ತರಬೇಕು. ಆ ಓಣಿಗೆ ಒಳಸುತ್ತು ಎಂದು ಹೆಸರು. ಆ ಕೆಲಸದವರಿಗೆ ಹದಗಾರರು ಎಂದು ಹೆಸರು. ನಾನು ಮೂವತ್ತೆಂಟು ವರ್ಷದಿಂದ ಹದಗಾರ್ತಿ. ನನ್ನ ತಂಗಿ ಹೊನ್ನಮ್ಮನೂ ಹದಗಾರ್ತಿಯೇ ಆಗಿದ್ದಳು, ಅವಳಿಗೆ ಕೆಲಸ ಕಲಿಸಿದವಳು ನಾನು.

ನಿಮ್ಮ ಹರಳಿನ ತಾಮ್ರದ ಪೆಟ್ಟಿಗೆಯ ಮೇಲೆ ಒಂದು ಬಿಳಿ ಪಟ್ಟಿ ಅಂಟಿಸಿದ್ದಿರಿ. ನಿಮಗೆ ನೆನಪಿದೆಯೋ ಇಲ್ಲವೋ. ಅದರಲ್ಲಿ ನೀಲಿ ಶಾಯಿಯಲ್ಲಿ ಹೀಗೆ ಬರೆದಿತ್ತು: ಆತುರದಲ್ಲಿ ಕಾಯಿಸಬೇಡಿ, ಗಂಟೆಗೆ ಒಂದು ಡಿಗ್ರಿ ಮಾತ್ರ, ಪಾರಿಜಾತ, ಗುರುವಾರ. ಅಷ್ಟೇ. ಯಾಕೆ ಎಂದು ಇರಲಿಲ್ಲ. ಉಳಿದ ಹದಿನೈದು ಹರಳುಗಳ ಮೇಲೆ ಬರೀ ಅಂಕಿಗಳಿದ್ದವು. ಮನುಷ್ಯರ ಕೈಬರಹ ಇದ್ದದ್ದು ನಿಮ್ಮದರ ಮೇಲೆ ಒಂದೇ, ಎಲ್ಲಕ್ಕಿಂತ ಹೆಚ್ಚು ಕಾಲ ಬಾಳಿದ್ದೂ ಅದೊಂದೇ. ಜನ ಎರಡನ್ನೂ ಸೇರಿಸಿ ನೋಡಿದರು. ನಿಮ್ಮ ಮಾತನ್ನು ದೊಡ್ಡ ಅಕ್ಷರದಲ್ಲಿ ಕಲ್ಲಿಗೆ ಕೊರೆಸಿ ಬಾವಿಯ ಬಾಯಲ್ಲಿ ನಿಲ್ಲಿಸಿದರು. ನನ್ನ ಅಜ್ಜಿಯ ಅಜ್ಜಿಯ ಕಾಲಕ್ಕೇ ನೀವು ಪಾರಿಜಾತಮ್ಮ ಆಗಿಬಿಟ್ಟಿದ್ದಿರಿ.

ನಮ್ಮ ಬದುಕು ಆ ಒಂದು ಸಾಲಿನ ಸುತ್ತ ಹೇಗೆ ಬೆಳೆಯಿತೆಂದು ಹೇಳಿದರೆ ನಿಮಗೆ ನಗು ಬರಬಹುದು. ನಗಿ, ಪರವಾಗಿಲ್ಲ. ಗುರುವಾರ ನಮ್ಮ ಕೇರಿಯಲ್ಲಿ ಒಲೆ ಹಚ್ಚುವುದಿಲ್ಲ. ಬುಧವಾರ ಸಂಜೆಯೇ ಮುದ್ದೆ ಕಟ್ಟಿ, ಸಾರು ಮಾಡಿ ಇಟ್ಟುಕೊಂಡು ಮರುದಿನ ತಣ್ಣಗೆ ಉಣ್ಣುತ್ತೇವೆ. ಬಿಸಿನೀರಿನ ಸ್ನಾನ ಇಲ್ಲ. ಕೂಸಿಗೆ ಜ್ವರ ಬಂದರೂ ಅಜ್ಜಿಯರು ಗುರುವಾರ ಎಂದು ಒಮ್ಮೆ ರಾಗ ಎಳೆದೇ ಕಾಸಿದ ಹಾಲು ಕೊಡುತ್ತಾರೆ. ಮದುವೆಗೆ ಮಾತು ಮುಗಿಸುವಾಗ ಹೆಣ್ಣಿನ ಕಡೆಯವರು ಕೇಳುವ ಮೊದಲ ಪ್ರಶ್ನೆ ಹುಡುಗ ಆತುರಗಾರನೇ ಎಂದು. ಬಾವಿಗೆ ಇಳಿಯುವ ಲಿಫ್ಟ್ ಕೂಡ ಬೇಕೆಂದೇ ನಿಧಾನ, ಇಳಿಯಲು ಐವತ್ತು ನಿಮಿಷ, ಹತ್ತಲು ಒಂದು ಗಂಟೆ. ಜನ ಅದರಲ್ಲಿ ಹೆಣಿಗೆ ಹಾಕುತ್ತಾರೆ, ಸೊಪ್ಪು ಬಿಡಿಸುತ್ತಾರೆ, ಜಗಳವನ್ನೂ ಶುರುಮಾಡಿ ಮುಗಿಸುತ್ತಾರೆ. ಒಂಬತ್ತು ವರ್ಷಕ್ಕೊಮ್ಮೆ ಯಂತ್ರವನ್ನು ರಿಪೇರಿಗೆ ಕಾಯಿಸಬೇಕಾಗುತ್ತದೆ. ಗಂಟೆಗೆ ಒಂದು ಡಿಗ್ರಿ ಎಂದರೆ ಹನ್ನೆರಡು ದಿನ. ಆ ಹನ್ನೆರಡು ದಿನವೂ ಸರದಿಯ ಮೇಲೆ ಡಿಗ್ರಿ ತೋರಿಸುವ ಮುಳ್ಳಿನ ಮುಂದೆ ಕೂತು, ಗಂಟೆ ಗಂಟೆಗೆ ಒಬ್ಬರು ಎಷ್ಟು ಡಿಗ್ರಿ ಎಂದು ಕೂಗುತ್ತಾರೆ, ಮೇಲಿನವರು ಸರಿ ಎಂದು ಮರುಕೂಗುತ್ತಾರೆ. ನಾನು ಹುಟ್ಟಿದ್ದೇ ಅಂಥ ಹನ್ನೆರಡು ದಿನಗಳ ನಡುವೆ. ಹೆರಿಗೆ ನೋವಿನಲ್ಲೂ ಅಮ್ಮ ಒಂದು ಕೂಗಿಗೆ ಸರಿ ಎಂದಳಂತೆ.

ಹೊನ್ನಮ್ಮ ಇದನ್ನೆಲ್ಲ ಸಣ್ಣವಳಿದ್ದಾಗ ಲೆಕ್ಕಕ್ಕೇ ಇಟ್ಟುಕೊಳ್ಳುತ್ತಿರಲಿಲ್ಲ. ಅವಳು ನನಗಿಂತ ಹತ್ತು ವರ್ಷ ಚಿಕ್ಕವಳು, ಬಾಯಿ ಮಾತ್ರ ಹತ್ತು ವರ್ಷ ದೊಡ್ಡದು. ಹನ್ನೆರಡು ವರ್ಷದವಳಿದ್ದಾಗ ಒಂದು ಗುರುವಾರ ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ ಟೀ ಕಾಯಿಸಿಕೊಂಡಳು. ನನ್ನ ಕಣ್ಣಿಗೆ ಬಿದ್ದಳು. ಕೆನ್ನೆಗೆ ಒಂದು ಬಿಟ್ಟೆ. ಅವಳು ಅಳಲಿಲ್ಲ, ಕೆನ್ನೆ ಉಜ್ಜಿಕೊಂಡು, "ಒಂದ್ ಲೋಟ ಟೀಗೆ ಒಂಬೈನೂರು ಮೀಟರ್ ಕೆಳ್ಗಿರೋ ಹರಳು ಬಿರಿಯುತ್ತಾ ಅಕ್ಕ?" ಎಂದು ಕೇಳಿದಳು. ಸರಿಯಾದ ಪ್ರಶ್ನೆಯೇ. ಅದಕ್ಕೇ ಇನ್ನೊಂದು ಬಿಟ್ಟೆ. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು. ಹದಗಾರ್ತಿಯಾಗಿ ನನ್ನ ಕೈಕೆಳಗೆ ಬಂದ ಮೇಲಂತೂ ನನಗಿಂತ ಕಟ್ಟುನಿಟ್ಟಾದಳು. ಎಷ್ಟು ಚೆನ್ನಾಗಿ ಕಲಿಸಿದೆ ಎಂದು ನಾನು ಬೀಗುತ್ತಿದ್ದೆ.

ಈಗ ಆ ವಾರದ ವಿಷಯ ಬರೆಯಬೇಕು. ಪೆನ್ನು ಹಿಡಿದು ಬಹಳ ಹೊತ್ತಾಯಿತು, ಬರೆಯದೆ ವಿಧಿಯಿಲ್ಲ.

ಹನ್ನೊಂದು ವರ್ಷದ ಹಿಂದೆ ಮಂಗಳ ಗ್ರಹದಿಂದ ಒಂದು ಹಡಗು ಇನ್ನೂರ ಹನ್ನೆರಡು ಜನರನ್ನು ಹೊತ್ತು ವಾಪಸ್ಸು ಬರುತ್ತಿತ್ತು. ಅದರ ದಿಕ್ಕಿನ ಯಂತ್ರ ದಾರಿಯಲ್ಲಿ ಕೆಟ್ಟಿತ್ತು. ಎತ್ತ ತಿರುಗಬೇಕು, ಎಷ್ಟು ತಿರುಗಬೇಕು ಎಂಬುದನ್ನು ನಮ್ಮ ತಣ್ಣನೆ ಯಂತ್ರ ಯೋಚಿಸಿ ಗಂಟೆಗೊಮ್ಮೆ ಹೇಳುತ್ತಿತ್ತು, ಮೇಲಿನವರು ಅದನ್ನು ಹಡಗಿಗೆ ಕಳಿಸುತ್ತಿದ್ದರು. ಒಂದೆರಡು ಗಂಟೆ ತಪ್ಪಿದರೆ ಸರಿಪಡಿಸಿಕೊಳ್ಳಬಹುದಿತ್ತು. ಪೂರ್ತಿ ನಿಂತರೆ ಹಡಗು ಭೂಮಿಯನ್ನು ತಪ್ಪಿಸಿ ಆಚೆ ಹೋಗಿಬಿಡುತ್ತಿತ್ತು. ಆ ಹೊತ್ತಿಗೆ ಹದಿನೈದು ಹರಳುಗಳು ಸತ್ತಾಗಿತ್ತು. ಹೊಸದು ಮಾಡಬಲ್ಲವರು ಯಾರೂ ಉಳಿದಿರಲಿಲ್ಲ. ಯಂತ್ರದ ಮಾತೆಲ್ಲ ಹೊರಬರುತ್ತಿದ್ದದ್ದು ನಿಮ್ಮ ಒಂದು ಹರಳಿನಿಂದ.

ಹಡಗು ಇಳಿಯಲು ಇನ್ನೂ ಐದು ದಿನ ಇತ್ತು. ಬೆಳಿಗ್ಗೆ ಏಳಕ್ಕೆ ಹೊನ್ನಮ್ಮ ಹದ ನೋಡಲು ಒಳಸುತ್ತಿಗೆ ಹೋದಳು. ಪಾಳಿಯ ಹಿರಿಯಳು ನಾನು, ಬಾಗಿಲ ಹೊರಗೆ ನಿಂತಿದ್ದೆ. ಅವಳು ಒಳಗೆ ಹೋಗಿ ಹತ್ತು ನಿಮಿಷವಾಗಿರಬೇಕು, ಯಂತ್ರದ ಹೊರಕವಚದಲ್ಲಿ ಒಂದು ಸಣ್ಣ ಬಿರುಕು ಬಿಟ್ಟಿತು. ಒಳಗಿನ ಚಳಿ ಓಣಿಗೆ ಸೋರತೊಡಗಿತು. ಗಾಳಿಯಲ್ಲಿದ್ದ ತೇವವೆಲ್ಲ ಬಾಗಿಲ ಅಂಚಿಗೆ ಮಂಜುಗಡ್ಡೆಯಾಗಿ ಕಚ್ಚಿಕೊಂಡಿತು, ಬಾಗಿಲು ಕಲ್ಲಾಯಿತು. ಅವಳಿಗೆ ಉಸಿರಾಡಲು ತೊಂದರೆ ಇರಲಿಲ್ಲ, ಗಾಳಿಯ ಕೊಳವೆ ಸರಿಯಾಗಿತ್ತು. ಮಾತಾಡಲು ಫೋನ್ ಇತ್ತು. ಮೈ ಬೆಚ್ಚಗಿಡುವ ಅಂಗಿಯೂ ಇತ್ತು, ಆದರೆ ಅದರ ಬ್ಯಾಟರಿ ಹದಿನಾಲ್ಕು ಗಂಟೆಗೆ ಮಾತ್ರ.

ಬಾಗಿಲ ಸುತ್ತ ಕಾವುಪಟ್ಟಿ ಎಂಬುದಿದೆ, ಮಂಜು ಕಚ್ಚಿದರೆ ಕರಗಿಸಲಿಕ್ಕೆ. ಆದರೆ ನಮ್ಮ ಹಿರಿಯರು ಬಾಗಿಲ ಚೌಕಟ್ಟನ್ನೂ ಹರಳು ಕೂತ ಕಂಬವನ್ನೂ ಒಂದೇ ಲೋಹದಲ್ಲಿ ಎರಕ ಹೊಯ್ದಿದ್ದರು. ಚೌಕಟ್ಟು ಎಷ್ಟು ಬಿಸಿಯಾದರೆ ಹರಳೂ ಅಷ್ಟು ಬಿಸಿಯಾಗುತ್ತದೆ. ಬಾಗಿಲು ಬಿಡಲು ಮೂವತ್ತು ಡಿಗ್ರಿ ಏರಬೇಕಿತ್ತು. ಅಷ್ಟರಿಂದ ಯಂತ್ರ ಕೆಡುತ್ತಿರಲಿಲ್ಲ, ಅದು ಕಂಬದಿಂದ ದೂರ ಬೇರೆಯೇ ಪಾತ್ರೆಯಲ್ಲಿತ್ತು. ಕಾವುಪಟ್ಟಿಯನ್ನು ಪೂರ್ತಿ ತಿರುಗಿಸಿದರೆ ನಲವತ್ತು ನಿಮಿಷದ ಕೆಲಸ. ನಿಮ್ಮ ಸಾಲಿನಂತೆ ನಡೆದರೆ ಮೂವತ್ತು ಗಂಟೆ. ಬಾಗಿಲು ಒಡೆಯೋಣವೆಂದರೆ ಆ ಪೆಟ್ಟು ಕಂಬಕ್ಕೇ ಬೀಳುತ್ತಿತ್ತು.

ಹದಿನಾಲ್ಕು ಗಂಟೆ, ಮೂವತ್ತು ಗಂಟೆ. ಇದರಲ್ಲಿ ಯೋಚಿಸುವುದು ಏನೂ ಇರಲಿಲ್ಲ. ಆದರೂ ನಾನು ಮೇಲಿನವರಿಗೆ ಫೋನ್ ಮಾಡಿ ಕೇಳಿದೆ. ಅವರು, "ಹದಗಾರ್ತಿ ನೀವು. ನಿಮಗೆ ತಿಳಿದ ಹಾಗೆ ಮಾಡಿ" ಎಂದರು. ನನಗೆ ತಿಳಿದದ್ದಾದರೂ ಏನು? ಕಲ್ಲಿನಲ್ಲಿ ಕೊರೆದ ಒಂದು ಸಾಲು. ಹರಳು ಬಿರಿದರೆ ಇನ್ನೂರ ಹನ್ನೆರಡು ಜನ ಹೋಗುತ್ತಾರೆ, ಕಾದರೆ ಒಬ್ಬಳು. ಆ ಒಬ್ಬಳು ನನ್ನ ತಂಗಿ.

ಫೋನಿನಲ್ಲಿ ಅವಳಿಗೆ ಹೇಳುವ ಮೊದಲೇ ಅವಳೇ ಹೇಳಿದಳು: "ಅಕ್ಕ, ಪಟ್ಟೀನ ಜೋರಾಗಿ ಇಡ್ಬ್ಯಾಡ. ಒಂದರಲ್ಲೇ ಇಡು. ಹರಳು ಬಿರಿದ್ರೆ ಆ ಹಡಗಿನೋರು ಏನಾಗ್ಬೇಕು?" ನಾನು ಕಾವುಪಟ್ಟಿಯ ತಿರುಗಣೆಯನ್ನು ಒಂದರಲ್ಲಿ ಇಟ್ಟೆ.

ಮೊದಲ ನಾಲ್ಕೈದು ಗಂಟೆ ಅವಳು ತಮಾಷೆ ಮಾಡುತ್ತಲೇ ಇದ್ದಳು. ಒಳಗೆ ಕೂತು ತನಗೆ ಬೇಕಾದಷ್ಟು ಸಲ ಹದ ಸರಿಮಾಡಬಹುದು, ಇಂಥ ಹದ ಹರಳಿಗೆ ಜನ್ಮದಲ್ಲಿ ಸಿಕ್ಕಿರಲಿಕ್ಕಿಲ್ಲ ಎಂದಳು. ನಿಜವಾಗಿಯೂ ಸರಿಮಾಡುತ್ತಿದ್ದಳು. ಅವತ್ತು ಮೇಲಿನವರು ಯಂತ್ರದ ಮಾತು ಇಷ್ಟು ಸ್ಪಷ್ಟವಾಗಿ ಎಂದೂ ಕೇಳಿರಲಿಲ್ಲ ಎಂದು ಆಮೇಲೆ ಹೇಳಿದರು. ಗಂಟೆ ಗಂಟೆಗೂ ಅವಳು ಒಳಗಿನಿಂದ ಎಷ್ಟು ಡಿಗ್ರಿ ಎಂದು ಕೂಗುತ್ತಿದ್ದಳು, ನಾನು ಸರಿ ಎನ್ನುತ್ತಿದ್ದೆ. ಅಮ್ಮನನ್ನು ಕರೆಸಲೇ ಎಂದು ಕೇಳಿದೆ. ಬೇಡವೆಂದಳು. ಹಿತಕಿದ ಅವರೆಬೇಳೆ ಸಾರು ಮಾಡಿಟ್ಟಿರುತ್ತಾಳೆ, ಬಂದರೆ ಆರಿಹೋಗುತ್ತದೆ ಎಂದಳು.

ಹತ್ತನೇ ಗಂಟೆಯಲ್ಲಿ ಅವಳ ಮಾತು ತೊದಲಿತು. ನನಗೆ ತಡೆಯಲಾಗಲಿಲ್ಲ. ಕೈ ತಾನಾಗಿ ಹೋಗಿ ಕಾವುಪಟ್ಟಿಯ ತಿರುಗಣೆಯನ್ನು ಗಂಟೆಗೆ ಐದಕ್ಕೆ ತಿರುಗಿಸಿತು. ಪಾರಿಜಾತಮ್ಮನವರೇ, ನಾನು ತಿರುಗಿಸಿದ್ದೆ. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಎರಡು ನಿಮಿಷವೂ ಆಗಿರಲಿಲ್ಲ, ಫೋನಿನಲ್ಲಿ ಅವಳ ದನಿ ಬಂತು. "ಅಕ್ಕ, ಮುಳ್ಳು ಓಡ್ತಾ ಐತೆ. ಹಿಂದಕ್ಕೆ ತಿರುಗ್ಸು." ನಾನು ತಿರುಗಣೆಯಿಂದ ಕೈ ತೆಗೆಯಲಿಲ್ಲ. "ನೀನೇ ಹೊಡ್ದು ಕಲ್ಸಿದ್ದಲ್ಲ, ಈಗ್ಯಾಕೆ ಮರೀತೀಯ. ತಿರುಗ್ಸಕ್ಕ." ಅವಳ ಮಾತಲ್ಲಿ ಸಿಟ್ಟಿರಲಿಲ್ಲ, ಬೇಡಿಕೊಳ್ಳುವ ಹಾಗಿತ್ತು. ಐದರಲ್ಲಿ ಬಿಟ್ಟಿದ್ದರೆ ಇನ್ನು ನಾಲ್ಕು ಗಂಟೆಯಲ್ಲಿ, ಅವಳ ಅಂಗಿಯ ಕಾವು ಆರುವ ಹೊತ್ತಿಗೆ ಸರಿಯಾಗಿ, ಬಾಗಿಲು ಬಿಡುತ್ತಿತ್ತು. ನಾನು ಹಿಂದಕ್ಕೆ ತಿರುಗಿಸಿದೆ.

ಅವಳು ಕೊನೆಗೆ ಆಡಿದ ಮಾತು, "ಚಳಿ ಅಂದೆ ಅಂತ ಅಮ್ಮಂಗೆ ಹೇಳ್ಬ್ಯಾಡ." ಅದು ಹದಿನಾರನೇ ಗಂಟೆ. ಹದಿನೇಳನೇ ಗಂಟೆಗೆ ಒಳಗಿನಿಂದ ಕೂಗು ಬರಲಿಲ್ಲ. ನಾನೇ ಹದಿನೇಳು ಎಂದು ಕೂಗಿ, ನಾನೇ ಸರಿ ಎಂದೆ. ಹಾಗೆಯೇ ಮೂವತ್ತರ ತನಕ ಒಬ್ಬಳೇ ಕೂಗಿದೆ. ಮೂವತ್ತಕ್ಕೆ ಬಾಗಿಲು ಬಿಟ್ಟಿತು. ಅವಳು ತಿರುಗಣೆಯ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಮೂವತ್ತೇಳು ವರ್ಷ ಅವಳಿಗೆ.

ಹಡಗು ಕ್ಷೇಮವಾಗಿ ಇಳಿಯಿತು. ನಮ್ಮವರು ಆ ದಿನದಿಂದ ವರ್ಷ ಎಣಿಸಲು ತೊಡಗಿದರು, ನಾನು ಕಾಗದದ ತಲೆಯಲ್ಲಿ ಬರೆದಿರುವುದು ಆ ಎಣಿಕೆಯೇ. ಹಡಗಿನಿಂದ ಇಳಿದವರು ಸಾಲಾಗಿ ಅಮ್ಮನ ಹತ್ತಿರ ಬಂದು ಕಾಲು ಮುಟ್ಟಿ ಹೋದರು. ಅವರಲ್ಲೊಬ್ಬಳು ತುಂಬು ಬಸುರಿ, ತನ್ನ ಮಗುವಿಗೆ ಹೊನ್ನಮ್ಮ ಎಂದೇ ಹೆಸರಿಟ್ಟಳು. ಆ ಮಗು ಈಗ ನಮ್ಮ ಕೇರಿಯ ಶಾಲೆಯಲ್ಲಿ ಓದುತ್ತದೆ. ಅಮ್ಮನಿಗೆ ಈಗ ಎಂಬತ್ತನಾಲ್ಕು. ಇನ್ನೂರ ಹನ್ನೆರಡು ಜೀವ ಉಳಿಸಿದಳು ನನ್ನ ಮಗಳು ಎಂದು ಅವಳು ಬಂದವರಿಗೆಲ್ಲ ಹೇಳುತ್ತಾಳೆ. ಹೇಳುವಾಗ ಅವಳ ಬೆನ್ನು ನೆಟ್ಟಗಾಗುತ್ತದೆ. ಆ ಮಾತಿನ ಮೇಲೆಯೇ ಅವಳು ಹನ್ನೊಂದು ವರ್ಷ ಅನ್ನ ತಿಂದಿದ್ದಾಳೆ.

ಎರಡು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ತಂಪುಮಾಡುವ ಪಂಪ್ ಕೆಟ್ಟು ನಿಂತಿತು. ಸರಿಪಡಿಸುವಷ್ಟರಲ್ಲಿ ಎಲ್ಲವೂ ಎರಡೇ ಗಂಟೆಯಲ್ಲಿ ಅರವತ್ತು ಡಿಗ್ರಿ ಏರಿಬಿಟ್ಟಿತ್ತು. ಹದಗಾರರೆಲ್ಲ ಬಾವಿಯ ಬಾಯಲ್ಲಿ ಕೂತು ಹೆಣದ ಮುಂದೆ ಅಳುವ ಹಾಗೆ ಅತ್ತರು. ಮತ್ತೆ ತಂಪು ಮಾಡಿದ ಮೇಲೆ ನಾನು ಒಳಗೆ ಹೋಗಿ ಬೆಳಕು ಬಿಟ್ಟು ನೋಡಿದೆ. ಹರಳಿಗೆ ಏನೂ ಆಗಿರಲಿಲ್ಲ. ಹದ ಸ್ವಲ್ಪ ಜರುಗಿತ್ತು, ಅರ್ಧ ಗಂಟೆಯಲ್ಲಿ ಸರಿಮಾಡಿದೆ. ಮೇಲೆ ಬಂದು ಹೇಳಿದಾಗ ಜನ ಕುಣಿದಾಡಿದರು. ಪಾರಿಜಾತಮ್ಮನ ಮಹಿಮೆ ಎಂದರು. ನಿಮ್ಮ ಕಲ್ಲಿಗೆ ಹೂ ಹಾಕಿದರು. ನಾನು ಮನೆಗೆ ಬಂದು, ಗುರುವಾರವಾದರೂ ಒಲೆ ಹಚ್ಚಿ, ಹಂಡೆ ತುಂಬ ನೀರು ಕಾಯಿಸಿ, ಅದರ ಮುಂದೆ ಸುಮ್ಮನೆ ಕೂತೆ. ಬಿರಿಯಲೇ ಇಲ್ಲವಲ್ಲ ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು. ಆದರೂ ನನ್ನನ್ನು ನಾನು ಸಮಾಧಾನ ಮಾಡಿಕೊಂಡೆ. ಈ ಸಲ ಬಿರಿಯಲಿಲ್ಲ, ಅವತ್ತು ಬಿರಿಯುತ್ತಿತ್ತೇನೋ ಎಂದುಕೊಂಡೆ. ಆ ಏನೋ ಎಂಬುದನ್ನು ಹಿಡಿದುಕೊಂಡೇ ಒಂಬತ್ತು ವರ್ಷ ಕಳೆದೆ.

ಹೋದ ತಿಂಗಳು ಹರಳು ಸತ್ತದ್ದು ಬಿಸಿಗಲ್ಲ, ಚಳಿಗಲ್ಲ. ಅದಕ್ಕೆ ವಿದ್ಯುತ್ತು ತರುವ ಕೂದಲಿನಂಥ ಚಿನ್ನದ ತಂತಿ ಸವೆದು ತುಂಡಾಯಿತು. ಮುಪ್ಪಿನ ಸಾವು, ನೀವು ದುಃಖಪಡಬೇಕಾದ್ದಿಲ್ಲ. ನೂರ ಎಪ್ಪತ್ತು ವರ್ಷ ಅದು ಒಂದು ದಿನವೂ ಸುಳ್ಳು ಹೇಳಲಿಲ್ಲ. ಸಮುದ್ರದಾಚೆ ಬೇರೆ ಬಗೆಯ ಯಂತ್ರಗಳು ಬಂದಿವೆಯಂತೆ, ಅವಕ್ಕೆ ಇಷ್ಟು ಚಳಿಯೂ ಬೇಡ, ಹದಗಾರರೂ ಬೇಡ. ತಣ್ಣನೆ ಮನೆಯನ್ನು ಮುಂದಿನ ತಿಂಗಳು ಮುಚ್ಚುತ್ತಾರೆ.

ಹರಳು ಬದುಕಿರುವ ತನಕ ಅದರ ಪೆಟ್ಟಿಗೆಯ ಮುಚ್ಚಳ ತೆರೆಯುವ ಹಾಗಿಲ್ಲ. ಸತ್ತ ಮೇಲೆ ತೆರೆಯುವ ಹಕ್ಕು ನೋಡಿಕೊಂಡವರದ್ದು. ಮೊನ್ನೆ ನಾನು ಒಬ್ಬಳೇ ಕೂತು, ಅಂಚಿನ ಬೆಸುಗೆಯನ್ನು ಬಿಡಿಸಿ ಮುಚ್ಚಳ ಎತ್ತಿದೆ. ಅದರ ಒಳಮೈಯಲ್ಲಿ ಇನ್ನೊಂದು ಬಿಳಿ ಪಟ್ಟಿ ಅಂಟಿಸಿತ್ತು. ಅದೇ ಕೈಬರಹ, ಅದೇ ನೀಲಿ ಶಾಯಿ. ಹಳೆ ಅಂಟು ತೆಗೆದು ಹೊಸದು ಹಾಕಿದ್ದೇನೆ, ಇನ್ನು ಬೇಗ ಕಾಯಿಸಿದರೂ ಏನೂ ಆಗುವುದಿಲ್ಲ, ಪಾರಿಜಾತ, ಸೋಮವಾರ.

ನಾನು ಅದನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ನೀವು ಮಾಡಿದ್ದು ಏನೆಂದು ಈಗ ಅರ್ಥವಾಗುತ್ತದೆ. ಗಾಜಿನ ಎಳೆಯನ್ನು ಹರಳಿಗೆ ಅಂಟಿಸಿದ್ದಿರಿ. ಆ ಅಂಟು ಚಳಿಯಿಂದ ಬಿಸಿಗೆ ಬರುವಾಗ ಬಿಡುತ್ತದೆಂದು ಅನುಮಾನ ಬಂದು, ಗುರುವಾರ ಜೊತೆಯವರಿಗಾಗಿ ಹೊರಗೆ ಒಂದು ಚೀಟಿ ಹಚ್ಚಿದಿರಿ. ನಾಲ್ಕು ದಿನ ಬಿಟ್ಟು ಒಳ್ಳೆಯ ಅಂಟು ಬಂತು. ಬದಲಾಯಿಸಿದಿರಿ. ಕೆಲಸ ಮಾಡಿದ ಜಾಗದಲ್ಲೇ ಇನ್ನೊಂದು ಚೀಟಿ ಹಚ್ಚಿ, ಮುಚ್ಚಳ ಹಾಕಿ, ಬೆಸುಗೆ ಹಾಕಿದಿರಿ. ಹೊರಗಿನದನ್ನು ಕೀಳುವುದು ಮರೆತಿರಿ. ಊಟದ ಹೊತ್ತಾಗಿತ್ತೋ, ಬಸ್ಸಿನ ಹೊತ್ತಾಗಿತ್ತೋ. ನಿಮ್ಮ ಮಟ್ಟಿಗೆ ಅದು ನಾಲ್ಕು ದಿನದ ಮಾತು. ನಾವು ಅದರ ಮೇಲೆ ನೂರ ಎಪ್ಪತ್ತು ವರ್ಷ ಬಾಳಿದೆವು.

ನಿಮ್ಮ ಮೇಲೆ ಕೋಪವಿಲ್ಲ ಎಂದರೆ ಸುಳ್ಳಾಗುತ್ತದೆ. ಮೊದಲ ದಿನ ನಿಮ್ಮನ್ನು ಬಾಯಿಗೆ ಬಂದಂತೆ ಬೈದೆ. ಎರಡನೇ ದಿನ ನಿಮ್ಮನ್ನು ಬಿಟ್ಟು ನಮ್ಮನ್ನೇ ಬೈದುಕೊಂಡೆ. ಒಂದು ಚೀಟಿ ಬರೆದವಳು ನೀವು, ಅದನ್ನು ಕಲ್ಲಿಗೆ ಕೊರೆಸಿದವರು ನಾವು. ಯಾಕೆ ಎಂದು ಕೇಳಿದ್ದು ಇಡೀ ಕೇರಿಯಲ್ಲಿ ಒಬ್ಬಳೇ, ಹನ್ನೆರಡು ವರ್ಷದ ಹುಡುಗಿ, ಅವಳ ಕೆನ್ನೆಗೆ ಹೊಡೆದವಳು ನಾನು.

ನಾಳೆ ಈ ಕಾಗದವನ್ನು ಓದಬೇಕು. ಅಮ್ಮ ಮುಂದಿನ ಸಾಲಿನಲ್ಲಿ ಕೂತಿರುತ್ತಾಳೆ, ಆ ಪುಟ್ಟ ಹೊನ್ನಮ್ಮ ಅವಳ ಪಕ್ಕದಲ್ಲಿ. ಸೋಮವಾರದ ಚೀಟಿಯ ಭಾಗ ಬಿಟ್ಟು ಓದಿದರೆ ಯಾರಿಗೂ ತಿಳಿಯುವುದಿಲ್ಲ. ಕಾಗದ ಪೆಟ್ಟಿಗೆಗೆ ಹೋಗುತ್ತದೆ, ಪೆಟ್ಟಿಗೆ ಬಾವಿಗೆ ಹೋಗುತ್ತದೆ, ಬಾವಿ ಮುಚ್ಚುತ್ತದೆ. ಎಂಬತ್ತನಾಲ್ಕರ ಮುದುಕಿಯಿಂದ ಆ ಒಂದು ಮಾತನ್ನು ಕಿತ್ತುಕೊಂಡು ನಾನು ಯಾವ ಸ್ವರ್ಗಕ್ಕೆ ಹೋಗಬೇಕು ಎಂದು ಮೂರು ದಿನದಿಂದ ಯೋಚಿಸುತ್ತಿದ್ದೇನೆ. ಆದರೆ ಮುಚ್ಚಳದ ಒಳಗೆ ಹಚ್ಚಿದ ಚೀಟಿ ಏನು ಮಾಡುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಪೂರ್ತಿ ಓದುತ್ತೇನೆ. ಅಮ್ಮನಿಗೆ ಇವತ್ತೇ ಮೊದಲು ಮನೆಯಲ್ಲಿ ಹೇಳಿ, ಅವಳು ಏನಂದರೂ ಅನ್ನಿಸಿಕೊಂಡು, ನಾಳೆ ಓದುತ್ತೇನೆ. ಚಳಿ ಅಂದಳು ಎಂಬುದನ್ನೂ ಹೇಳುತ್ತೇನೆ.

ಈ ಕಾಗದಗಳಲ್ಲಿ ಮಾಡಿದವರಿಂದ ಏನನ್ನೂ ಕೇಳಬಾರದೆಂದು ಪದ್ಧತಿ. ಸುದ್ದಿ ತಿಳಿಸಬೇಕು, ಉಪಕಾರ ನೆನೆಯಬೇಕು, ಮುಗಿಸಬೇಕು. ಇಷ್ಟು ದಿನ ಪದ್ಧತಿ ಮುರಿಯದೆ ಕೆಟ್ಟೆ, ಇವತ್ತು ಮುರಿಯುತ್ತೇನೆ. ಬೆಳಕು ಹಿಂದಕ್ಕೆ ಹೋಗುವುದಿಲ್ಲವೆಂದು ಬಲ್ಲವರು ಹೇಳುತ್ತಾರೆ, ಕಾಗದವೂ ಹೋಗುವುದಿಲ್ಲ. ಆದರೆ ನಿಮ್ಮ ಆ ವಾರ ಇನ್ನೂ ನಡೆಯುತ್ತಿದ್ದರೆ, ಇವತ್ತು ನಿಮಗೆ ಶುಕ್ರವಾರವೋ ಶನಿವಾರವೋ ಆಗಿದ್ದರೆ, ಸೋಮವಾರ ಇನ್ನೂ ಬಂದಿರದಿದ್ದರೆ, ತಾಯಿ, ಅಂಟು ಬದಲಾಯಿಸಿ ಮುಚ್ಚಳ ಹಾಕಿದ ಮೇಲೆ ಪೆಟ್ಟಿಗೆಯನ್ನು ಒಮ್ಮೆ ತಿರುಗಿಸಿ ನೋಡಿ. ಹೊರಗಿನ ಚೀಟಿಯನ್ನು ಉಗುರಿನಿಂದ ಕಿತ್ತು ಬಿಸಾಡಿ. ಎರಡು ನಿಮಿಷದ ಕೆಲಸ. ಬಸ್ಸು ಹೋದರೆ ಹೋಗಲಿ, ಇನ್ನೊಂದು ಬರುತ್ತದೆ.

ಒಳಗೆ ನನ್ನ ತಂಗಿ ಇದ್ದಾಳೆ.

ಇಂತಿ,
ಸಾಕಮ್ಮ, ಹದಗಾರ್ತಿ